ಸದ್ದು ಮಾಡದ ಹಂಸ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಯಾಕೆಂದರೆ ನಮ್ಮೂರಿನಲ್ಲಿ ಅದು ನನಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಮೇಜಿನ ಮೇಲೆ ತೆರೆದಿಟ್ಟ ನನ್ನ ಲ್ಯಾಪ್‌ಟಾಪಿನ ಫ್ಯಾನು ಮೊದಲು ಗುಂಯ್ ಎನ್ನುತ್ತದೆ, ಆಮೇಲೆ ಭರ್ ಎನ್ನುತ್ತದೆ, ಇನ್ನೂ ಸ್ವಲ್ಪ ಹೊತ್ತಾದರೆ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಕಾಂಪೌಂಡಿನ ಆಚೆ ಹೂವು ಕಟ್ಟುತ್ತಿರುವ ಗಿರಿಜಕ್ಕ, ಈ ಸಲ ಯಾರ ಮನೆಗೆ ಏನು ಬಂತು ವಾರಿಜಾ ಎಂದು ವಿಚಾರಿಸುತ್ತಾಳೆ. ಬಂದದ್ದು ನಿಜವೇ ಆಗಿರುತ್ತದೆ. ಎದುರುಮನೆಯವರು ಹೊಸ ಪರದೆ ಹಾಕಿರುತ್ತಾರೆ, ಇಲ್ಲವೇ ನನ್ನ ತಂಗಿಯ ಮಗಳು ಸಂಗೀತದ ಪರೀಕ್ಷೆಯಲ್ಲಿ ಪಾಸಾಗಿರುತ್ತಾಳೆ.

ನಮ್ಮೂರಿನಲ್ಲಿ ಎಲ್ಲರಿಗೂ ಹೀಗೆಯೇ. ಯಂತ್ರ ಮನೆಗೆ ಬಂದು ಒಂದು ಮಳೆಗಾಲ ಕಳೆದರೆ ಸಾಕು, ಅದು ತನ್ನ ಒಡೆಯರಿಗೆ ಒಗ್ಗಿಕೊಳ್ಳುತ್ತದೆ. ಅವರ ಒಡಲು ಕುದಿದರೆ ಅದರ ಒಡಲೂ ಕುದಿಯುತ್ತದೆ. ಇದರಿಂದ ನಮಗೆ ಅಂಥ ತೊಂದರೆಯೇನಿಲ್ಲ, ಹೊಂದಿಕೊಂಡಿದ್ದೇವೆ. ಸಾವಿನ ಮನೆಯಲ್ಲಿ ಲ್ಯಾಪ್‌ಟಾಪನ್ನು ಮೊದಲು ಹಿತ್ತಲಿಗೆ ಸಾಗಿಸುತ್ತಾರೆ, ಮನುಷ್ಯರು ಅಳುವುದೇ ಸಾಕು ಎಂದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತ, ಇವಳ ತಂಗಿ ಇವಳಿಗಿಂತ ಲಕ್ಷಣ ಎಂದು ಬೇಕೆಂದೇ ಒಂದು ಮಾತು ಬಿಟ್ಟು ಕಿವಿ ನಿಮಿರಿಸಿ ಕೂರುತ್ತಾರೆ. ಹಾಗಾದರೆ ಮುಚ್ಚಿಡಬಹುದಲ್ಲ ಎಂದು ಪರವೂರಿನವರು ಕೇಳುತ್ತಾರೆ. ಮುಚ್ಚಬಹುದು. ಆದರೆ ಲ್ಯಾಪ್‌ಟಾಪು ಮುಚ್ಚಿಟ್ಟ ಮನೆಯಲ್ಲಿ ನಮ್ಮ ಜನ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ.

ಹಾಗಾಗಿ ನಮ್ಮಲ್ಲಿ ಲ್ಯಾಪ್‌ಟಾಪು ಕೊಳ್ಳುವುದೆಂದರೆ ಮಗಳಿಗೆ ಗಂಡು ಹುಡುಕುವಷ್ಟೇ ಯೋಚನೆಯ ಕೆಲಸ. ಬಸ್ ನಿಲ್ದಾಣದ ಹಿಂದಿನ ಬಾಷಾ ಸಾಹೇಬರ ಅಂಗಡಿಯಲ್ಲಿ ಎರಡು ಕಂಪನಿಯ ಪ್ರೊಸೆಸರ್‌ನವು ಸಿಗುತ್ತವೆ. ಒಂದು ವಜ್ರ, ಇನ್ನೊಂದು ಹಂಸ. ವಜ್ರದ ಮೂಲೆಯಲ್ಲಿ ಕೆಂಪು ಚೀಟಿ ಅಂಟಿಸಿರುತ್ತದೆ, ಹಂಸಕ್ಕೆ ಬಿಳಿಯದು. ಬಂದವರಿಗೆಲ್ಲ ಸಾಹೇಬರು ಕೇಳುವುದು ಒಂದೇ ಪ್ರಶ್ನೆ, ದಿನಬಳಕೆಗೋ ಭಾರಿ ಕೆಲಸಕ್ಕೋ ಎಂದು. ಪತ್ರ ಬರೆಯುವುದು, ಪಾಠ ಓದುವುದು, ಸಿನಿಮಾ ನೋಡುವುದು, ಅಂಗಡಿ ಲೆಕ್ಕ ಇಷ್ಟೇ ಆದರೆ ಹಂಸ. ಬೆಳಗಿನ ಕಾಫಿಗೆ ತೆರೆದರೆ ದೀಪ ಹಚ್ಚುವ ತನಕ ಚಾರ್ಜರ್ ಕೇಳುವುದಿಲ್ಲ, ಕಣ್ಣು ಮಿಟುಕಿಸುವುದರಲ್ಲಿ ಫೈಲು ತೆರೆಯುತ್ತದೆ, ಕೊಡೆಯಷ್ಟು ಹಗುರ. ದೊಡ್ಡ ವಿಡಿಯೋ, ಮನೆಕಟ್ಟುವ ನಕ್ಷೆ, ಯುದ್ಧದ ಆಟ ಇಂಥವಾದರೆ ವಜ್ರ. ಅದು ಗಟ್ಟಿ ಗುಂಡು, ಇಟ್ಟಿಗೆಯಂತೆ ಭಾರ, ತಾಯಿಯನ್ನು ಬಿಟ್ಟಿರದ ಕರುವಿನ ಹಾಗೆ ಚಾರ್ಜರಿಗೆ ಅಂಟಿಕೊಂಡೇ ಇರಬೇಕು. ಆದರೆ ಎಷ್ಟು ಹೇರಿದರೂ ಎಳೆಯುತ್ತದೆ.

ಅದೆಲ್ಲ ಸಾಹೇಬರ ವಿವರಣೆ. ಜನ ಕೊಳ್ಳುವುದು ಬೇರೆ ಲೆಕ್ಕದಲ್ಲಿ. ವಜ್ರ ಎಲ್ಲವನ್ನೂ ಊರಿಗೆ ಕೇಳಿಸುತ್ತದೆ. ಹಂಸ ಎಂದೂ ಸದ್ದು ಮಾಡಿದ್ದನ್ನು ಯಾರೂ ಕೇಳಿಲ್ಲ. ಅದನ್ನು ಬಿಚ್ಚಿ ನೋಡಿದವರೂ ಇಲ್ಲ, ತಿರುಪೇ ಇಲ್ಲದ ಹಾಗೆ ಮುಚ್ಚಿ ಕಳಿಸುತ್ತಾರೆ. ಅದರ ಪ್ರೊಸೆಸರು ಒಡೆಯರ ಮನಸ್ಸನ್ನೇ ತಂಪಾಗಿಸುತ್ತದೆ ಎಂದು ಕೆಲವರು, ಮನಸ್ಸು ತಂಪಾಗಿರುವವರಿಗೆ ಮಾತ್ರ ಅದು ಒಗ್ಗುತ್ತದೆ ಎಂದು ಇನ್ನು ಕೆಲವರು ನಂಬಿದ್ದರು. ವಕೀಲರು, ಮದುವೆ ದಲ್ಲಾಳಿಗಳು, ಮಠದ ಸ್ವಾಮಿಗಳು ಎಲ್ಲ ಹಂಸದ ಕಡೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅವರು ನಮ್ಮನ್ನು ಹಂಗಿಸುತ್ತಿದ್ದರು. ಒಳಗೊಂದು ಹೊರಗೊಂದು ನಮಗೆ ಬರುವುದಿಲ್ಲ ಎಂದು ವಜ್ರದವರಾದ ನಾವು ಎದೆಯುಬ್ಬಿಸಿ ಹೇಳುತ್ತಿದ್ದೆವು. ಹೇಳುವಾಗ ನಮ್ಮ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದುದರಿಂದ ಆ ಮಾತಿಗೆ ಅಂಥ ತೂಕ ಬರುತ್ತಿರಲಿಲ್ಲ.

ನಾನು ವಜ್ರ ಕೊಂಡದ್ದು ಬಾಯಿ ಬಡಾಯಿಗಲ್ಲ, ಹೊಟ್ಟೆಪಾಡಿಗೆ. ನಮ್ಮದು ಮಂಗಳ ವಿಡಿಯೋ, ಮಾವನವರು ಕಟ್ಟಿದ ಸ್ಟುಡಿಯೋ. ಊರಿನ ಮದುವೆ, ಮುಂಜಿ, ನಾಮಕರಣ ಎಲ್ಲ ನಮ್ಮ ಕ್ಯಾಮೆರಾದಲ್ಲೇ ಹಾದುಹೋಗಬೇಕು. ಯಜಮಾನರಾದ ಗೋಪೀನಾಥ, ಮೈದುನ ರಘು ಇಬ್ಬರೂ ಕ್ಯಾಮೆರಾ ಹೊತ್ತು ಛತ್ರ ಛತ್ರ ಅಲೆಯುತ್ತಾರೆ. ಅವರು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ನಾದಸ್ವರ ಕೂಡಿಸಿ, ಹುಡುಗಿಯ ದೊಡ್ಡಪ್ಪ ಆಕಳಿಸಿದ್ದನ್ನು ತೆಗೆದು, ನೋಡುವ ಹಾಗೆ ಮಾಡುವವಳು ನಾನು. ಮಾವ ತೀರಿಕೊಂಡ ಮೇಲೆ ಸ್ಟುಡಿಯೋದ ಬೀಗದ ಕೈ ಅತ್ತೆ ತಿರುಮಲಮ್ಮನವರ ಸೊಂಟದಲ್ಲಿ. ಬಾಗಿಲ ಪಕ್ಕದ ಬೆತ್ತದ ಕುರ್ಚಿಯೂ ಅವರದೇ. ಯಾವ ಮದುವೆ ಒಪ್ಪಬೇಕು, ಯಾರ ಕೈಗೆ ಯಾವ ಕೆಲಸ ಕೊಡಬೇಕು, ಕೊನೆಯಲ್ಲಿ ಯಾರ ಹೆಸರು ಹಾಕಬೇಕು, ಎಲ್ಲ ಆ ಕುರ್ಚಿಯಿಂದ ತೀರ್ಮಾನ. ಅತ್ತೆಯ ಮಂಡಿ ಸೋತ ಮೇಲೆ ಅದು ನನಗೆ ಬರುತ್ತದೆಂದು ನಾನು ಕೇಳದೆಯೇ ನಂಬಿಕೊಂಡಿದ್ದೆ. ಕುರ್ಚಿಗೊಂದು ದಿಂಬಿನ ಬಟ್ಟೆಯನ್ನೂ ಹೊಲಿದಿಟ್ಟಿದ್ದೆ.

ಆಗ ರಘುವಿಗೆ ಮದುವೆಯಾಗಿ ನಿರುಪಮಾ ಬಂದಳು, ಕಂಕುಳಲ್ಲಿ ಹಂಸ ಇಟ್ಟುಕೊಂಡು.

ಓರಗಿತ್ತಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಖವಿತ್ತು. ಅವಳು ಒಳ್ಳೆಯವಳು. ಅಕ್ಕಾ ಅಕ್ಕಾ ಎಂದು ಹಿಂದೆಮುಂದೆ ಸುತ್ತುತ್ತಿದ್ದಳು, ನನ್ನ ಕೈಯ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು, ಅವಳ ಜಡೆ ನನ್ನದಕ್ಕಿಂತ ಗೇಣು ಉದ್ದವಿತ್ತು. ಕೆಲಸವನ್ನೂ ಬೇಗ ಕಲಿತಳು. ಜನ ಮೊಬೈಲಿನಲ್ಲಿ ಹಂಚಿಕೊಳ್ಳುವ ಚಿಕ್ಕ ಚಿಕ್ಕ ತುಣುಕುಗಳಿರುತ್ತವಲ್ಲ, ಮದುಮಗಳು ನಾಚುವುದು, ಮದುಮಗ ಬಾಸಿಂಗ ಸರಿಮಾಡಿಕೊಳ್ಳುವುದು, ಅಂಥವನ್ನು ತಾಳಿ ಕಟ್ಟಿ ಮುಗಿಯುವುದರೊಳಗೆ ಛತ್ರದಲ್ಲೇ ಕೂತು ಮಾಡಿ ಕೊಟ್ಟುಬಿಡುತ್ತಿದ್ದಳು. ಮಡಿಲಲ್ಲಿ ಹಂಸ, ಚಾರ್ಜರಿಲ್ಲ, ಸದ್ದಿಲ್ಲ. ಸುತ್ತ ಹೆಂಗಸರು ಮುತ್ತಿಕೊಂಡು ಬೆರಗಾಗುತ್ತಿದ್ದರು. ನಾನು ವಾರಗಟ್ಟಲೆ ಕೂತು ಮಾಡಿದ ಪೂರ್ತಿ ಸಿನಿಮಾವನ್ನು ಬೀರುವಿನಲ್ಲಿಟ್ಟು, ಅವಳ ತುಣುಕನ್ನು ಊರಿಗೆಲ್ಲ ತೋರಿಸುತ್ತಿದ್ದರು.

ಅವಳನ್ನು ಹೊಗಳಿದಾಗಲೆಲ್ಲ ನನ್ನ ವಜ್ರ ಹುಯಿಲೆಬ್ಬಿಸುತ್ತಿತ್ತು. ಕೆಲಸದ ಸದ್ದು ಬೇರೆ, ಒಡಲಿನ ಸದ್ದು ಬೇರೆ. ಕೆಲಸದ್ದು ಒಂದೇ ಸಮ, ಒಡಲಿನದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ನಮ್ಮೂರಿನ ಹಸುಗೂಸಿಗೂ ಈ ವ್ಯತ್ಯಾಸ ಗೊತ್ತು. ಸದ್ದು ಎದ್ದ ಕೂಡಲೆ ಅತ್ತೆ ಕುರ್ಚಿಯಿಂದ ಎದ್ದು ಕುಂಟುತ್ತ ಬಂದು ಮಜ್ಜಿಗೆ ಕೊಡುತ್ತಿದ್ದರು, ಯಜಮಾನರು ಬಂದು ಭುಜ ಸವರುತ್ತಿದ್ದರು, ಗಿರಿಜಕ್ಕ ಮಲ್ಲಿಗೆಯ ಮೊಳ ಎಸೆದು ಮುಡಿದುಕೋ ಎನ್ನುತ್ತಿದ್ದಳು. ಸಮಾಧಾನ ಮಾಡಿದಷ್ಟೂ ನನಗೆ ಅವಮಾನ. ನಿರುಪಮಾಳ ಎದುರು ನಾನು ಯಾರನ್ನು ಹೊಗಳಿದರೂ, ಅವಳ ತವರಿನ ಬದ್ಧ ವೈರಿಯನ್ನು ಹೊಗಳಿದರೂ, ಅವಳ ಹಂಸ ತುಟಿ ಬಿಚ್ಚುತ್ತಿರಲಿಲ್ಲ. ಆ ಹುಡುಗಿಗೆ ಒಡಲೇ ಇಲ್ಲವೇ ಎಂದು ನಾನು ಉರಿದೆ. ಹೊಟ್ಟೆಕಿಚ್ಚಿಲ್ಲದವರನ್ನು ಕಂಡು ಪಡುವ ಹೊಟ್ಟೆಕಿಚ್ಚಿದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಶ್ರಾವಣದಲ್ಲಿ ಅತ್ತೆ ಇಬ್ಬರನ್ನೂ ಕರೆದು, ತನ್ನಿಂದ ಇನ್ನು ಮೆಟ್ಟಿಲು ಹತ್ತಲಾಗುವುದಿಲ್ಲ, ಬೀಗದ ಕೈ ಬಿಟ್ಟುಕೊಡುತ್ತೇನೆ ಎಂದರು. ನಾನು ಕೈ ಚಾಚುವುದೊಂದು ಬಾಕಿ. ಅಷ್ಟರಲ್ಲಿ ಅವರು, ಇಬ್ಬರು ಸೊಸೆಯರಿರುವ ಮನೆ, ಶಾಸ್ತ್ರ ಬಿಡಬಾರದು, ಕಿವಿಗೊಡುವುದನ್ನು ಮಾಡಿಬಿಡೋಣ ಎಂದರು. ನನ್ನ ಫ್ಯಾನು ಅಲ್ಲೇ ಹೊರಟಿತು.

ಕಿವಿಗೊಡುವ ಶಾಸ್ತ್ರ ನಮ್ಮೂರಿನ ಹಳೆಯ ಪದ್ಧತಿ. ಒಂದು ಅಂಗಡಿಗೆ ಇಬ್ಬರು ಹಕ್ಕುದಾರರಿದ್ದರೆ, ಇಬ್ಬರನ್ನೂ ಬೆನ್ನಿಗೆ ಬೆನ್ನು ಹಾಕಿ ಕೂರಿಸಿ ಒಂದೇ ಕೆಲಸ ಕೊಡುತ್ತಾರೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕೆಲಸ ಮುಗಿಯಬೇಕು. ಬೀದಿಯ ಹಿರಿಯರು ಬಂದು ಒಬ್ಬರ ಎದುರು ನಿಂತು ಇನ್ನೊಬ್ಬರನ್ನು ಹೊಗಳುತ್ತಾರೆ. ಹೊಗಳಿ, ಕಣ್ಣು ಮುಚ್ಚಿ, ಯಂತ್ರದ ಸದ್ದು ಕೇಳುತ್ತಾರೆ. ಯಾರ ಯಂತ್ರ ಕಡಿಮೆ ಕೂಗುತ್ತದೋ ಅವರಿಗೆ ಬೀಗದ ಕೈ. ಎಲೆ ಹಾಕುವ ಮುಂಚೆ ಕೊನೆಯ ಸಲ ಕೇಳಿದ್ದೇ ಲೆಕ್ಕ. ಹೊಟ್ಟೆಕಿಚ್ಚಿನವರ ಕೈಗೆ ಕೊಟ್ಟ ಅಂಗಡಿ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಇಬ್ಬರ ಸದ್ದೂ ಒಂದೇ ಆದರೆ ಮಾತ್ರ ಕೆಲಸ ನೋಡುತ್ತಾರೆ. ಹಾಗೆ ಆದದ್ದನ್ನು ಯಾರೂ ನೋಡಿರಲಿಲ್ಲ.

ಮರುದಿನವೇ ನಾನು ತಲೆಗೆ ಸೆರಗು ಹೊದ್ದು ಬಾಷಾ ಸಾಹೇಬರ ಅಂಗಡಿಗೆ ಹೋದೆ. ಹಂಸ ತೋರಿಸಿ ಎಂದೆ. ಅವರು ತೋರಿಸಿದರು. ಬೆರಳಿಟ್ಟರೆ ಹಾಲಿನ ಕೆನೆಯಂತಿತ್ತು. ಆದರೆ ಸಾಹೇಬರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಶಾಸ್ತ್ರ ಗೊತ್ತಾದ ಮೇಲೆ ಯಂತ್ರ ಬದಲಾಯಿಸಿದರೆ ಹಿರಿಯರು ಒಪ್ಪುವುದಿಲ್ಲ, ಒಪ್ಪಿದರೂ ಇದು ನಿನಗೆ ಒಗ್ಗಲು ಮಳೆಗಾಲ ಕಳೆಯಬೇಕು ಎಂದರು.

"ಮತ್ತೆ ನಾನೇನ್ ಮಾಡ್ಲಿ ಸಾಹೇಬ್ರೇ?" ಎಂದು ಕೇಳಿದೆ.

"ನೋಡಮ್ಮ, ನಿಂಗೆ ದಿನಾ ಹತ್ತು ಮದ್ವೆ ಎಳೆಯೋ ಕೆಲ್ಸ. ಇದನ್ನ ತಗೊಂಡ್ರೆ ಆಮೇಲೆ ನೀನೇ ಬಂದು ನನ್ನನ್ನ ಬೈತೀಯ. ಸುಮ್ನೆ ಮನೆಗ್ ಹೋಗಿ ಹೊಟ್ಟೆಗೆ ತಂಪಾಗಿ ಏನಾದ್ರೂ ತಿನ್ನು."

ಸೌತೆಕಾಯಿ ತಿಂದೆ. ರಾಗಿ ಅಂಬಲಿ ಕುಡಿದೆ. ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡೆ. ಕನ್ನಡಿಯ ಮುಂದೆ ನಿಂತು, ನಿರುಪಮಾ ಚೆಂದ, ನಿರುಪಮಾ ಜಾಣೆ, ನಿರುಪಮಾಳ ಜಡೆ ಉದ್ದ ಎಂದು ಮಂತ್ರದ ಹಾಗೆ ಹೇಳಿ ಅಭ್ಯಾಸ ಮಾಡಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಒಳಕೋಣೆಯಿಂದ ವಜ್ರ ಕೂಗುತ್ತಿತ್ತು. ಯಜಮಾನರು ನಗು ತಡೆಯಲಾರದೆ ಹೊರಗೆ ಹೋದರು.

ಶಾಸ್ತ್ರದ ದಿನ ಬೆಳಿಗ್ಗೆ ಸ್ಟುಡಿಯೋವನ್ನು ಸಾರಿಸಿ ರಂಗೋಲಿ ಹಾಕಿದ್ದರು. ಹಿರಿಯರಾಗಿ ಗಿರಿಜಕ್ಕನೂ ದಿನಸಿ ಅಂಗಡಿಯ ಪದ್ಮನಾಭಯ್ಯನವರೂ ಬಂದು ಚಾಪೆಯ ಮೇಲೆ ಕೂತರು. ಅತ್ತೆ ಬೆತ್ತದ ಕುರ್ಚಿಯಲ್ಲಿ. ಕೊಟ್ಟ ಕೆಲಸ ದೊಡ್ಡದಿತ್ತು. ಅಕ್ಕಿ ಗಿರಣಿಯವರ ಮನೆಯ ಮದುವೆ, ಎಲ್ಲ ಕ್ಯಾಮೆರಾಗಳದ್ದೂ ಸೇರಿಸಿ ವರಪೂಜೆಯಿಂದ ಹೆಣ್ಣೊಪ್ಪಿಸುವ ತನಕ ಪೂರ್ತಿ ಸಿನಿಮಾ ಮಾಡಬೇಕು. ನಾನು ನನ್ನ ವಜ್ರವನ್ನು ಚಾರ್ಜರಿಗೆ ಕಟ್ಟಿದೆ. ನಿರುಪಮಾ ಹಂಸವನ್ನು ತೆರೆದು, ಬೆನ್ನ ಹಿಂದಿನಿಂದಲೇ, "ಅಕ್ಕಾ, ಒಳ್ಳೇದಾಗ್ಲಿ" ಎಂದಳು. ಹಾಳಾದವಳು ಅದನ್ನೂ ಮನಸಾರೆ ಹೇಳಿದಳು.

ಮೊದಲರ್ಧ ಗಂಟೆ ನಾನು ಉಸಿರು ಬಿಗಿಹಿಡಿದು ಕೆಲಸ ಮಾಡಿದೆ. ವಜ್ರ ಒಂದೇ ಸಮನೆ ದುಡಿಯುತ್ತಿತ್ತು. ಆಮೇಲೆ ಪದ್ಮನಾಭಯ್ಯನವರು ಎದ್ದು ನನ್ನೆದುರು ನಿಂತು ಗಂಟಲು ಸರಿಮಾಡಿಕೊಂಡರು. ನಿರುಪಮಾ ಬಂದ ಮೇಲೆ ಮಂಗಳ ವಿಡಿಯೋದ ಹೆಸರು ಪಕ್ಕದ ಊರುಗಳಿಗೂ ಹಬ್ಬಿದೆ ಎಂದರು. ನಾನು ಹಲ್ಲು ಕಚ್ಚಿದೆ. ಅವಳ ಕೈಗುಣ ದೊಡ್ಡದು, ತನ್ನ ಮೊಮ್ಮಗಳ ನಾಮಕರಣದ ತುಣುಕು ನೋಡಿ ತನಗೆ ಕಣ್ಣೀರೇ ಬಂತು ಎಂದರು. ಆ ನಾಮಕರಣದ ಪೂರ್ತಿ ಸಿನಿಮಾ ಮಾಡಿದವಳು ನಾನು. ಅವರು ಅದನ್ನು ಇನ್ನೂ ನೋಡಿಯೇ ಇರಲಿಲ್ಲ. ವಜ್ರ ಬೊಬ್ಬೆ ಹಾಕಿತು. ಇಳಿಯಿತು, ಏರಿತು, ಮತ್ತೆ ಏರಿತು. ರಂಗೋಲಿಯ ಪುಡಿ ಹಾರಿತು. ಕಣ್ಣು ಮುಚ್ಚಿ ಕೇಳಬೇಕಾದ ಪದ್ಮನಾಭಯ್ಯನವರು ಕಿವಿಯನ್ನೂ ಮುಚ್ಚಿಕೊಂಡು ಚಾಪೆಗೆ ಮರಳಿದರು.

ಆಮೇಲೆ ಗಿರಿಜಕ್ಕ ಹೋಗಿ ನಿರುಪಮಾಳ ಎದುರು ನಿಂತಳು. ಗಿರಿಜಕ್ಕನಿಗೆ ನನ್ನ ಮೇಲೆ ಅಕ್ಕರೆ, ಬಾಯಿತುಂಬ ಹೊಗಳಿದಳು. ಈ ಮನೆಯ ಗೋಡೆ ಗೋಡೆಗೂ ವಾರಿಜಾ ಬೇಕು, ಅವಳು ಒಂದು ದಿನ ಮಂಕಾದರೆ ಇಡೀ ಬೀದಿ ಬಂದು ಏನಾಯಿತೆಂದು ಕೇಳುತ್ತದೆ, ಅತ್ತೆ ಮಂಡಿ ನೋವಿನಲ್ಲೂ ಎದ್ದು ಬರುತ್ತಾಳೆ, ಅಂಥ ಸೊಸೆ ಎಲ್ಲಿ ಸಿಗುತ್ತಾಳೆ ಎಂದೆಲ್ಲ ಹೇಳಿದಳು. ಹೇಳಿ ಕಣ್ಣು ಮುಚ್ಚಿದಳು. ಹಂಸ ಮೌನವಾಗಿತ್ತು. ಗಿರಿಜಕ್ಕ ನಿಟ್ಟುಸಿರು ಬಿಟ್ಟು, ನನ್ನ ಕಡೆ ಕನಿಕರದಿಂದ ನೋಡಿ, ತನ್ನ ಜಾಗಕ್ಕೆ ಹೋದಳು. ಬೀಗದ ಕೈ ಯಾರದೆಂದು ಇನ್ನು ಹೇಳಬೇಕಾದ್ದಿರಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಉರಿಗೆ. ಕುರ್ಚಿಗೆ ಹೊಲಿದ ದಿಂಬಿನ ಬಟ್ಟೆಯ ಮೇಲೆ ಅವಳು ಕೂರುವುದು, ಅವಳ ಸೊಂಟದಲ್ಲಿ ಆ ಬೀಗದ ಕೈ ಗಲಗಲ ಅನ್ನುವುದು, ನಾನು ಮಾಡಿದ ಸಿನಿಮಾಗಳ ಕೊನೆಯಲ್ಲಿ ಯಾರ ಹೆಸರು ಎಂದು ಅವಳನ್ನು ಕೇಳುವುದು, ಎಲ್ಲ ಒಟ್ಟಿಗೆ ಕಾಣಿಸಿತು. ಆದರೂ ಬೆರಳು ನಿಲ್ಲಲಿಲ್ಲ. ನಿಂತರೆ ಅತ್ತುಬಿಡುತ್ತಿದ್ದೆ. ವಜ್ರವೂ ಹಾಗೆಯೇ, ಕೂಗುತ್ತಲೇ ಧಾರೆ ಮುಗಿಸಿತು, ಕೂಗುತ್ತಲೇ ಸಪ್ತಪದಿ ತುಳಿಸಿತು, ಎಲೆ ತೊಳೆಯುವ ಹೊತ್ತಿಗೆ ಹೆಣ್ಣನ್ನೂ ಒಪ್ಪಿಸಿ ಆಯಿತು.

ಅತ್ತೆ ಒಳಗಿನಿಂದ ಮಜ್ಜಿಗೆ ತರಿಸಿ, ನಿರುಪಮಾಳಿಗೂ ಒಂದು ಲೋಟ ಕೊಡು ಎಂದು ನನಗೇ ಹೇಳಿದರು. ಗೆದ್ದವಳಿಗೆ ಸೋತವಳ ಕೈಯಿಂದ ಮಜ್ಜಿಗೆ. ಎದ್ದು ಹೋದೆ. ಅವಳ ಮುಂದಿನ ಮಣೆಯ ಮೇಲೆ ಲೋಟ ಇಡಲು ಜಾಗವಿರಲಿಲ್ಲ. ಹಂಸವನ್ನು ಸ್ವಲ್ಪ ಸರಿಸೋಣವೆಂದು ಅದರ ಅಡಿಗೆ ಕೈ ಹಾಕಿದೆ.

ದೋಸೆಯ ಕಾವಲಿ ಮುಟ್ಟಿದ ಹಾಗಾಯಿತು. ಕೈ ಹಿಂದೆ ಸೆಳೆದುಕೊಂಡೆ. ಆಮೇಲೆ ಪರದೆ ನೋಡಿದೆ. ಅಲ್ಲಿ ಇನ್ನೂ ವರಪೂಜೆಯೇ ನಡೆಯುತ್ತಿತ್ತು. ಮದುಮಗನ ಕಾಲು ತೊಳೆಯಲು ಎತ್ತಿದ ಚೊಂಬು ಗಾಳಿಯಲ್ಲಿ ನಿಂತಿತ್ತು, ನೀರು ಬೀಳಲು ಯೋಚಿಸುತ್ತಿತ್ತು. ನಿರುಪಮಾ ಒಂದು ಗುಂಡಿ ಒತ್ತಿದರೆ ಅದು ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಅಲ್ಲಾಡುತ್ತಿತ್ತು. ಅವಳ ಬೆರಳ ತುದಿಗಳು ಕೆಂಪಾಗಿದ್ದವು. ಹಳೆಯ ಸುಟ್ಟ ಬೊಬ್ಬೆಗಳ ಗುರುತೂ ಇತ್ತು, ಅನ್ನ ಬಸಿಯುವಾಗ ಆದದ್ದು ಎಂದು ಅವಳು ಯಾವಾಗಲೂ ಹೇಳುತ್ತಿದ್ದ ಗುರುತುಗಳು.

ನನಗೆ ಒಂದು ಅನುಮಾನ ಬಂತು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು, ಹಂಸದ ಅಡಿಗೆ ಮತ್ತೆ ಅಂಗೈ ಕೊಟ್ಟು, ಗಿರಿಜಕ್ಕನನ್ನು ಕರೆದೆ. ಆಗ ನನ್ನ ಬಗ್ಗೆ ಏನೋ ಹೇಳಿದೆಯಲ್ಲ, ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಇಂಥ ನಾಚಿಕೆಗೆಟ್ಟ ಮಾತು ಊರಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಗಿರಿಜಕ್ಕ ಪಾಪ, ಸೋತವಳ ಸಮಾಧಾನಕ್ಕೆಂದು ಮತ್ತೆ ಎಲ್ಲವನ್ನೂ ಹೇಳಿದಳು. ಅವಳು ಒಂದೊಂದು ಮಾತು ಹೇಳಿದಂತೆ ನನ್ನ ಅಂಗೈ ಅಡಿಯಲ್ಲಿ ಬಿಸಿ ಒಂದೊಂದು ಮೆಟ್ಟಿಲು ಏರಿತು. ಇಡೀ ಬೀದಿ ಬಂದು ಕೇಳುತ್ತದೆ ಎಂಬಲ್ಲಿಗೆ ಸೆರಗಿನ ಜರಿ ಬೆಚ್ಚಗಾಯಿತು. ಅತ್ತೆ ಎದ್ದು ಬರುತ್ತಾಳೆ ಎಂಬಲ್ಲಿಗೆ ಕೈ ಇಡಲಾಗಲಿಲ್ಲ.

ನಿರುಪಮಾ ತಲೆ ಎತ್ತಿ ನನ್ನನ್ನು ನೋಡಿದಳು. ನನಗೆ ತಿಳಿಯಿತೆಂದು ಅವಳಿಗೆ ತಿಳಿಯಿತು.

"ಅಕ್ಕಾ, ಯಾರ್ಗೂ ಹೇಳ್ಬೇಡಿ," ಎಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಇದಕ್ಕೆ ಫ್ಯಾನೇ ಇಲ್ಲ. ಬಿಸಿಯಾದ್ರೆ ಒಳಗೇ ಇಟ್ಕೊಂಡು ನಿಧಾನ ಆಗತ್ತೆ ಅಷ್ಟೇ."

"ಯಾವಾಗಿಂದ?"

"ನಾನ್ ಬಂದಾಗಿಂದ. ನಿಮ್ದು ಕೂಗ್ದಾಗೆಲ್ಲ ಎಲ್ರೂ ಓಡ್ ಬರ್ತಾರೆ. ನಂದು ಎಷ್ಟ್ ಉರಿದ್ರೂ ಒಬ್ರೂ ಬಂದು ಏನಮ್ಮಾ ಅಂತ ಕೇಳ್ಲಿಲ್ಲ ಅಕ್ಕಾ."

ಇದನ್ನು ಕೇಳಿ ನನಗೆ ಕನಿಕರ ಬರಬೇಕಿತ್ತು. ಬಂತು, ಆದರೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಇಷ್ಟುದ್ದ ಜಡೆಯವಳು, ಊರಿಡೀ ಹೊಗಳುವವಳು, ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಾಳೆ. ನನ್ನ ಮಜ್ಜಿಗೆಗೆ, ನನ್ನ ಮೊಳ ಮಲ್ಲಿಗೆಗೆ, ನಾನು ಅವಮಾನವೆಂದುಕೊಂಡಿದ್ದ ಆ ಸಮಾಧಾನಗಳಿಗೆ. ಅಯ್ಯೋ ನನ್ನ ಬಂಗಾರಿ ಎಂದು ಅವಳ ಕೆನ್ನೆ ಹಿಂಡಬೇಕೆನ್ನಿಸಿತು. ಹುಟ್ಟಿದಾಗಿನಿಂದ ನನ್ನ ಎದೆಯಲ್ಲಿದ್ದ ಒಂದು ಕಲ್ಲು ಕರಗಿ ನೀರಾಗಿ ಇಳಿದುಹೋಯಿತು. ತುಂಬಿದ ಕೊಡವಂತೆ, ತುಳುಕುವುದಿಲ್ಲವಂತೆ. ಬೂದಿ ಮುಚ್ಚಿದ ಕೆಂಡ!

ಆಗ ಸ್ಟುಡಿಯೋದಲ್ಲಿ ಏನೋ ಕಡಿಮೆಯಾದಂತಾಯಿತು. ಪದ್ಮನಾಭಯ್ಯನವರು ಸುತ್ತಮುತ್ತ ನೋಡಿದರು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ನನ್ನ ವಜ್ರ ಸುಮ್ಮನಾಗಿತ್ತು. ಹಿರಿಯರು ಹತ್ತಿರ ಹೋಗಿ ಕೆಟ್ಟಿದೆಯೇ ಎಂದು ಬಗ್ಗಿ ನೋಡಿದರು. ಕೆಟ್ಟಿರಲಿಲ್ಲ, ಕೆಲಸ ಮುಗಿಸಿ ಕೂತಿತ್ತು. ಪದ್ಮನಾಭಯ್ಯನವರು ನಂಬಲಾರದೆ ನನ್ನೆದುರು ನಿಂತು ನಿರುಪಮಾಳನ್ನು ಇನ್ನೊಂದು ಸಲ ಹೊಗಳಿದರು, ಈ ಸಲ ಜಡೆಯನ್ನೂ ಬಿಡದೆ. ನನಗೆ ನಗು ಬಂತು. ಇನ್ನೂ ಹೇಳಿ, ಅವಳ ಕೈ ರುಚಿಯನ್ನು ಬಿಟ್ಟಿರಲ್ಲ ಎಂದೆ. ವಜ್ರ ಗುಂಯ್ ಎನ್ನಲಿಲ್ಲ.

ಇಬ್ಬರ ಸದ್ದೂ ಒಂದೇ ಆಯಿತು ಎಂದು ಹಿರಿಯರು ಗೊಂದಲಕ್ಕೆ ಬಿದ್ದರು. ಹಾಗಾದರೆ ಶಾಸ್ತ್ರದ ಪ್ರಕಾರ ಕೆಲಸ ನೋಡಬೇಕು. ನನ್ನದು ಹೆಣ್ಣೊಪ್ಪಿಸಿ ಮುಗಿದಿತ್ತು. ಹಂಸದ ಹತ್ತಿರ ಹೋದರೆ ಚೊಂಬಿನ ನೀರು ಆಗ ತಾನೇ ಮದುಮಗನ ಪಾದ ಮುಟ್ಟುತ್ತಿತ್ತು. ನೋಡನೋಡುತ್ತಿದ್ದಂತೆ ಪರದೆ ಕಪ್ಪಾಯಿತು. ದಿನಬಳಕೆಗೆ ಅದರಂಥದ್ದು ಇನ್ನೊಂದಿಲ್ಲ, ಈಗಲೂ ಹೇಳುತ್ತೇನೆ. ಆದರೆ ಅಂದಿನ ದಿನ ಅದರ ಮೇಲೆ ಎರಡು ಭಾರ ಬಿದ್ದಿತ್ತು.

ಅತ್ತೆ ಸೊಂಟದಿಂದ ಬೀಗದ ಕೈ ಬಿಡಿಸಿ, ಅರಿಶಿನ ಕುಂಕುಮ ಹಚ್ಚಿ, ನನ್ನ ಕೈಯಲ್ಲಿಟ್ಟರು. ಮಾವನವರ ಕಾಲದ ಹಿತ್ತಾಳೆಯ ಕೈ, ಅಂಗೈ ತುಂಬ ತೂಕ. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಹಾಕಿ ನೋಡಿದೆ. ಗಲ್ ಎಂದಿತು. ಇಷ್ಟು ವರ್ಷ ಕನಸಿನಲ್ಲಿ ಕೇಳಿದ ಸದ್ದಿಗಿಂತ ಚೆನ್ನಾಗಿತ್ತು. ನಿರುಪಮಾಳ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ಗೆದ್ದವರಿಗೆ ಉದಾರಬುದ್ಧಿ ಸುಲಭ.

ಆದರೆ ಊಟಕ್ಕೆ ಎಲೆ ಹಾಕಬೇಕಿತ್ತು, ಮಣೆ ಬೇಕಿತ್ತು. ಅತ್ತೆ ತಾವೇ ಬಗ್ಗಿ ಹಂಸವನ್ನು ಎತ್ತಿದರು. ಎತ್ತಿದವರು ಹಾ ಎಂದು ಕೈ ಝಾಡಿಸಿ, ಮತ್ತೆ ಮುಟ್ಟಿ, ಅದನ್ನೂ ಅವಳ ಕೆಂಪು ಬೆರಳುಗಳನ್ನೂ ನೋಡಿದರು. ಅರವತ್ತು ದಾಟಿದ, ಇಬ್ಬರು ಸೊಸೆಯರನ್ನು ಪಳಗಿಸಿದ ಹೆಂಗಸು, ಬಿಡಿಸಿ ಹೇಳಬೇಕಾಗಲಿಲ್ಲ. ನೋಯುವ ಮಂಡಿಯನ್ನು ಮಡಿಸಿ ಅವಳ ಪಕ್ಕ ಚಾಪೆಯ ಮೇಲೆ ಕೂತರು. ನೀರಿನಲ್ಲಿ ಅದ್ದಿದ ಸೆರಗಿನಿಂದ ಅವಳ ಬೆರಳುಗಳನ್ನು ಸುತ್ತಿ, ಅವಳ ತಲೆಯನ್ನು ಎದೆಗೊತ್ತಿಕೊಂಡರು.

"ಇಷ್ಟ್ ದಿನಾ ಒಬ್ಳೇ ಉರ್ಕೊಂಡಿದ್ಯಾ ಮಗಳೇ," ಎಂದರು.

ಮಗಳೇ. ಈ ಮನೆಗೆ ಬಂದು ನನ್ನ ತಲೆಯಲ್ಲಿ ಬಿಳಿ ಕೂದಲು ಹುಟ್ಟಿದೆ. ನನಗೆ ಮಜ್ಜಿಗೆ ಕೊಟ್ಟಿದ್ದಾರೆ, ಔಷಧಿ ಕೊಟ್ಟಿದ್ದಾರೆ, ಈಗ ಬೀಗದ ಕೈಯನ್ನೂ ಕೊಟ್ಟರು. ಒಂದು ದಿನವಾದರೂ ವಾರಿಜಾ ಎನ್ನುವುದನ್ನು ಬಿಟ್ಟು ಇನ್ನೊಂದು ಹೆಸರಿನಿಂದ ನನ್ನನ್ನು ಕರೆದವರಲ್ಲ.

ನನ್ನ ಮಣೆಯ ಮೇಲೆ, ಕೆಲಸ ಮುಗಿಸಿ ಖಾಲಿ ಕೂತಿದ್ದ ವಜ್ರ ಗುಂಯ್ ಎಂದಿತು. ನಾನು ಕೆಮ್ಮಿದೆ. ಬೀಗದ ಕೈಯನ್ನು ಬೇಕೆಂದೇ ಗಲಗಲ ಅಲ್ಲಾಡಿಸಿದೆ. ಅದು ಭರ್ ಎಂದಿತು. ಮಣೆಯ ಮೇಲಿನ ಪೆನ್ನು ಉರುಳಿತು. ಪದ್ಮನಾಭಯ್ಯನವರು ಗಿರಿಜಕ್ಕನ ಮುಖ ನೋಡಿದರು, ಗಿರಿಜಕ್ಕ ಸೂರು ನೋಡಿದಳು. ಒಮ್ಮೆ ಕೊಟ್ಟ ಬೀಗದ ಕೈಯನ್ನು ಶಾಸ್ತ್ರದಲ್ಲಿ ಹಿಂದಕ್ಕೆ ಪಡೆಯುವಂತಿಲ್ಲ, ಅಷ್ಟು ನನ್ನ ಪುಣ್ಯ.

ಅತ್ತೆಯ ಎದೆಯಲ್ಲಿ ಮುಖವಿಟ್ಟು ಬಿಕ್ಕುತ್ತಿದ್ದ ನಿರುಪಮಾ ಆ ಸದ್ದು ಕೇಳಿ ತಲೆ ಎತ್ತಿದಳು. ಅವಳ ಕಣ್ಣು ಮೂಗು ಎಲ್ಲ ಒದ್ದೆಯಾಗಿದ್ದವು. ನನ್ನನ್ನು ನೋಡಿದಳು, ಕೂಗುತ್ತಿರುವ ನನ್ನ ವಜ್ರವನ್ನು ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ನನ್ನ ಮುಖದ ಮೇಲೆ ಅರಳಿದ್ದ ಆ ಸಂತೋಷ ಅವಳ ಮುಖದ ಮೇಲೆ ಮೆಲ್ಲಗೆ ಅರಳಿತು. ಅವಳು ಅತ್ತೆಗೆ ಇನ್ನೂ ಸ್ವಲ್ಪ ಒತ್ತಿ ಕೂತಳು.